ಸೀರೆ ಉಟ್ಟು ವಿಮಾನ ಹತ್ತಿದವರು

‘ದೇಶದ ಮೊದಲ ಮಹಿಳೆ’ ಅಂತ ಎಲ್ಲೇ ಓದಿದರೂ ನನಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಇವರಿಗೆ ಬಾಗಿಲು ತೆಗೆದವರು ಯಾರು?

ದೇಶದ ಮೊದಲ ಮಹಿಳಾ ಇಂಜಿನಿಯರ್‌ಗಳಲ್ಲಿ ಒಬ್ಬರಾದ ಎ. ಲಲಿತಾ ಅವರನ್ನೇ ನೋಡಿ. ಇವರಿಗೆ 18 ವರ್ಷ ಇದ್ದಾಗಲೇ ಗಂಡ ತೀರಿಕೊಂಡರು. ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಮಗು. ಆ ಕಾಲದಲ್ಲಿ ಅಲ್ಲಿಗೆ ಬದುಕು ಮುಗಿಯಿತು ಅಂತಲೇ ಲೆಕ್ಕ ಅಲ್ವಾ? ಮದ್ರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಪ್ಪ ಪ್ರೊಫೆಸರ್. ಅವರೇ ಓಡಾಡಿ ಸೀಟು ಕೊಡಿಸಿದರು. ಓದಿದ್ದು ಮಾತ್ರ ಮಗಳೇ! 1943ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್ ಆದರು. ಮುಂದೆ ಕಲ್ಕತ್ತಾದಲ್ಲಿ ಕೆಲಸ, ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಯೋಜನೆಯಲ್ಲೂ ಕೈ.

ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ದೆಹಲಿಯಲ್ಲಿ ಸೀರೆ ಉಟ್ಟು, ಕ್ಯಾಮೆರಾ ಹೊತ್ತು ಸೈಕಲ್‌ನಲ್ಲಿ ಓಡಾಡಿದವರು. ಆದರೆ ಅವರು ತೆಗೆದ ಮೊದಮೊದಲ ಫೋಟೋಗಳು ಅಚ್ಚಾಗಿದ್ದು ಗಂಡನ ಹೆಸರಲ್ಲಿ. ಇದು ಮಾತ್ರ ನನಗೆ ಇವತ್ತಿಗೂ ಚುಚ್ಚುತ್ತದೆ.

ನನಗೆ ಜಾಸ್ತಿ ಇಷ್ಟ, ದೇಶದ ಮೊದಮೊದಲ ಮಹಿಳಾ ಪೈಲಟ್‌ಗಳಲ್ಲಿ ಒಬ್ಬರಾದ ಸರಳಾ ಠಕ್ರಾಲ್. 1936ರಲ್ಲಿ, 21ರ ವಯಸ್ಸಿನಲ್ಲಿ, ಸೀರೆಯಲ್ಲೇ ಜಿಪ್ಸಿ ಮಾತ್ ವಿಮಾನ ಹಾರಿಸಿದರು. ಮನೆಯಲ್ಲಿ ಪುಟ್ಟ ಮಗಳಿದ್ದಳು. ಗಂಡನ ಸಾವು, ಮಹಾಯುದ್ಧ ಎರಡೂ ಸೇರಿ ಪೈಲಟ್ ಕನಸು ಅರ್ಧಕ್ಕೇ ನಿಂತಿತು. ಸುಮ್ನೆ ಕೂರಲಿಲ್ಲ. ಚಿತ್ರಕಲೆ ಕಲಿತು, ಆಭರಣ ಮತ್ತು ಸೀರೆಗಳ ವಿನ್ಯಾಸಕ್ಕೆ ಇಳಿದರು. ಅದರಲ್ಲೂ ಗೆದ್ದರು.