ಕೊತ್ತಂಬರಿ ಕೋಣೆಯ ಸೆಕೆ

ಮಳೆಗಾಲದಲ್ಲಿ ಮಂಗಳೂರಿನ ಮಾರ್ಕೆಟಿನಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಹಿಡಿದು ನೋಡಿದವರಿಗೆ ಗೊತ್ತು. ಘಟ್ಟ ಇಳಿದು ಬರುವಷ್ಟರಲ್ಲಿ ಅರ್ಧ ಕೊಳೆತಿರುತ್ತದೆ, ರೇಟು ಮಾತ್ರ ಘಟ್ಟ ಹತ್ತಿರುತ್ತದೆ. ಅಂಗಳದಲ್ಲಿ ಬಿತ್ತಿದರೆ ಎರಡು ದಿನದ ಮಳೆಗೆ ಸಸಿಯೆಲ್ಲ ಮಲಗಿಬಿಡುತ್ತದೆ. ಹಾಗಾಗಿ ಬಿಜೈಯ ನಮ್ಮ ಮನೆಯ ಮಾಳಿಗೆಯಲ್ಲಿ ಸುಮ್ನೆ ಬಿದ್ದಿದ್ದ 8 ಅಡಿ 10 ಅಡಿ ಕೋಣೆಯಲ್ಲಿ ಎರಡು ಅಂತಸ್ತಿನ ರ್‍ಯಾಕ್ ಇಟ್ಟೆ. ಟ್ರೇಗಳಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿಸಿ, ಮೇಲೆ 100 ವಾಟಿನ ಎರಡು ಎಲ್‌ಇಡಿ ಗ್ರೋ ಲೈಟ್, ಅಂದರೆ ಗಿಡ ಬೆಳೆಸುವ ದೀಪ, ತೂಗುಹಾಕಿದೆ. ಆಗ ಏಪ್ರಿಲ್ ತಿಂಗಳು. ಅದೇ ಮೊದಲ ತಪ್ಪು.

ಮೂರನೇ ದಿನ ಅಮ್ಮ ಬಾಗಿಲು ತೆರೆದು ನೋಡಿದವರೇ ಹಿಂದೆ ಸರಿದರು. "ಎಂತ ಮಾರಾಯ, ಒಳಗೆ ಭತ್ತ ಬೇಯಿಸ್ತಾ ಇದ್ದೀಯಾ?" ಹೊರಗೆ 33 ಡಿಗ್ರಿ, ಒಳಗೆ 38. ಕಿಟಕಿ ಗಾಜು, ಗೋಡೆ, ನನ್ನ ಕನ್ನಡಕ, ಎಲ್ಲ ಜಿಗುಟು ಜಿಗುಟು.

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂದು ನಂಬಿದ್ದೆ. ಅಂಗಡಿಯವರು ಹಾಗೇ ಹೇಳಿದ್ದರು. ಅದು ಅರ್ಧ ಸತ್ಯ. ಹಳೆ ಸೋಡಿಯಂ ದೀಪದ ಹಾಗೆ ಅದು ಎಲೆಯನ್ನು ನೇರವಾಗಿ ಸುಡುವುದಿಲ್ಲ, ಅಷ್ಟು ಸರಿ. ಆದರೆ ಗೋಡೆಯ ಪ್ಲಗ್ಗಿನಿಂದ ಎಳೆದ 200 ವಾಟ್ ಎಲ್ಲಿಗೆ ಹೋಗಬೇಕು ಹೇಳಿ? ಒಂದಷ್ಟು ದೀಪದ ಬೆನ್ನಲ್ಲೇ ಬಿಸಿಯಾಗುತ್ತದೆ, ಉಳಿದದ್ದು ಬೆಳಕಾಗಿ ಎಲೆಗೂ ಗೋಡೆಗೂ ಬಡಿದು ಅಲ್ಲಿ ಬಿಸಿಯಾಗುತ್ತದೆ. ಗಿಡ ತನ್ನ ಬೆಳವಣಿಗೆಗೆ ಹಿಡಿದಿಟ್ಟುಕೊಳ್ಳುವುದು ತೀರಾ ಸ್ವಲ್ಪ. ಒಬ್ಬ ಮನುಷ್ಯ ಸುಮ್ಮನೆ ಕೂತರೂ ಸುಮಾರು 100 ವಾಟ್ ಶಾಖ ಬಿಡುತ್ತಾನೆ. ಅಂದರೆ ಇಬ್ಬರು ನೆಂಟರನ್ನು ಬಾಗಿಲು ಹಾಕಿ ದಿನಕ್ಕೆ 18 ಗಂಟೆ ಆ ಕೋಣೆಯಲ್ಲಿ ಕೂರಿಸಿದ ಹಾಗೆ ಲೆಕ್ಕ. ಮೇಲೆ ಸಿಮೆಂಟ್ ಸ್ಲ್ಯಾಬ್ ಬೇರೆ, ಹಗಲು ಕುಡಿದ ಬಿಸಿಲನ್ನು ರಾತ್ರಿಯಿಡೀ ಕಕ್ಕುತ್ತಾ ಇರುತ್ತದೆ. ಅಜ್ಜನ ಹಂಚಿನ ಮನೆಯಲ್ಲಿ ಈ ರಗಳೆ ಇರಲಿಲ್ಲ, ಹಂಚಿನ ಸಂದಿನಲ್ಲೇ ಬಿಸಿ ಗಾಳಿ ಹೊರಗೆ ಹೋಗುತ್ತಿತ್ತು.

ಹುಬ್ಬಳ್ಳಿಯಿಂದ ಬಂದ ಭಾವ ಕೂಲರ್ ಇಡು ಎಂದರು. ಇಟ್ಟೆ. ಅಲ್ಲಿನ ಒಣ ಸೆಕೆಗೆ ಅದು ಸರಿ, ನೀರು ಆವಿಯಾಗುತ್ತಾ ಗಾಳಿ ತಂಪಾಗುತ್ತದೆ. ನಮ್ಮ ಕರಾವಳಿಯ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ, ಇನ್ನೆಷ್ಟು ಕುಡಿಯುತ್ತದೆ? ಎರಡೇ ದಿನದಲ್ಲಿ ಕೋಕೋಪೀಟಿನ ಮೇಲೆ ಬಿಳಿ ಬೂಷ್ಟು ಬಂತು. ಬೆರಳಲ್ಲಿ ಮುಟ್ಟಿದರೆ ಹತ್ತಿಯ ಹಾಗೆ ಮೆತ್ತಗೆ, ಅದರ ನಡುವೆ ಕೊತ್ತಂಬರಿಯ ಎರಡೆಲೆಯ ಸಸಿಗಳು ಬುಡದಲ್ಲಿ ಕಪ್ಪಾಗಿ, ನೂಲಿನಷ್ಟು ಸಪೂರವಾಗಿ ಬಾಗಿದ್ದವು. ಇಡೀ ಟ್ರೇ ತೆಂಗಿನ ಬುಡಕ್ಕೆ ಹೋಯಿತು.

ಎಸಿ ಹಾಕುವ ಯೋಚನೆಯೂ ಬಂದಿತ್ತು. ಕೊತ್ತಂಬರಿಗೆ ಎಸಿಯಾ ಎಂದು ನನಗೇ ನಗು ಬಂತು. ಆಮೇಲೆ ಹೊಳೆದದ್ದು ಇಷ್ಟೇ, ಶಾಖವನ್ನು ಹೊರಗೆ ಹಾಕಲು ಒದ್ದಾಡುವ ಮೊದಲು ಒಳಗೆ ತರುವುದನ್ನೇ ಕಡಿಮೆ ಮಾಡಬೇಕು. ಅಂದರೆ ಬೆಳಕನ್ನೇ.

18 ಗಂಟೆ ಲೈಟ್ ಉರಿಸುತ್ತಿದ್ದೆ, ಜಾಸ್ತಿ ಬೆಳಕು ಕೊಟ್ಟರೆ ಜಾಸ್ತಿ ಸೊಪ್ಪು ಎಂಬ ಆಸೆಯಲ್ಲಿ. ಬದುಕಿ ಉಳಿದ ಗಿಡಗಳು ಅಷ್ಟು ಬೇಗ ಹೂ ಬಿಟ್ಟದ್ದು ಯಾಕೆ ಎಂದು ಆಗ ಗೊತ್ತಾಗಲಿಲ್ಲ. ಕೊತ್ತಂಬರಿ ಹಗಲು ಉದ್ದವಾದಷ್ಟೂ ಬೇಗ ಹೂವಿಗೆ ಬರುವ ಗಿಡ. ಸೆಕೆಯೂ ಸೇರಿದರೆ ಕೇಳುವುದೇ ಬೇಡ, ಅಗಲ ಎಲೆ ಬರುವ ಬದಲು ಸಬ್ಬಸಿಗೆಯ ಹಾಗೆ ಸಪೂರ ಎಲೆ ಬಂದು ದಂಟು ಮೇಲೆ ಹೋಗುತ್ತದೆ. ನಮ್ಮೂರಲ್ಲಿ ಜೂನಿನಲ್ಲೂ ಹಗಲು 13 ಗಂಟೆ ದಾಟುವುದಿಲ್ಲ, ನಾನು ಮಾತ್ರ ಮಾಳಿಗೆಯಲ್ಲಿ 18 ಗಂಟೆಯ ಹಗಲು ಮಾಡಿಟ್ಟಿದ್ದೆ! ಟೈಮರ್ ಹಾಕಿ 12 ಗಂಟೆಗೆ ಇಳಿಸಿದೆ. ಡಿಮ್ಮರ್ ತಿರುಗಿಸಿ ಒಂದೊಂದು ಲೈಟನ್ನು 60 ವಾಟಿಗೆ ತಂದೆ. ಮೊದಲು ದಿನಕ್ಕೆ 3.6 ಯೂನಿಟ್ ಕರೆಂಟ್, ಈಗ 1.44.

ಬೆಳಕು ಕಡಿಮೆಯಾಯಿತು ಅಲ್ವಾ, ಅದಕ್ಕೆ ಗೋಡೆಗೆ ಸುಣ್ಣ ಬಳಿದೆ. ಅಲ್ಲಿ ಮೊದಲು ತಿಳಿಹಸಿರು ಪೇಂಟ್ ಇತ್ತು. ಬೆಳಕು ಅಳೆಯುವ ಫೋನಿನ ಲಕ್ಸ್ ಆ್ಯಪ್ ಹಿಡಿದು ನೋಡಿದರೆ ಟ್ರೇಯ ಮೂಲೆಗೂ ನಡುವಿಗೂ ಇದ್ದ ವ್ಯತ್ಯಾಸ ಚೆನ್ನಾಗಿ ಕಡಿಮೆಯಾಗಿತ್ತು. ಆ ಆ್ಯಪಿನ ಅಂಕಿಯನ್ನು ಪೂರ್ತಿ ನಂಬಬೇಡಿ, ಎಲ್ಲಿ ಜಾಸ್ತಿ ಎಲ್ಲಿ ಕಡಿಮೆ ಎಂದು ಹೋಲಿಸಿ ನೋಡಲು ಸಾಕು. ಲೈಟಿಗೆ ಬೇಕಾದ ಹಾಗೆ ಕರೆಂಟ್ ಹದ ಮಾಡಿ ಕೊಡುವ ಡ್ರೈವರ್ ಡಬ್ಬಿ ಮುಟ್ಟಲಾಗದಷ್ಟು ಕಾಯುತ್ತಿತ್ತು, ಎಲೆಕ್ಟ್ರಿಷಿಯನ್ ಕರೆಸಿ ವಯರ್ ಉದ್ದ ಮಾಡಿಸಿ ಅದನ್ನು ಕೋಣೆಯ ಹೊರಗೆ ಕೂರಿಸಿದೆ.

ಲೈಟ್ ಉರಿಯುವ ಹೊತ್ತನ್ನೂ ಬದಲಾಯಿಸಿದೆ. ಸಂಜೆ 7ರಿಂದ ಬೆಳಿಗ್ಗೆ 7. ಹೊರಗಿನ ಗಾಳಿ ಸ್ವಲ್ಪವಾದರೂ ತಣ್ಣಗಿರುವ ಹೊತ್ತು ಅದೇ. ಗಿಡಕ್ಕೆ ನಮ್ಮ ಗಡಿಯಾರ ಗೊತ್ತಿಲ್ಲ, ಹಗಲು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದರೆ ಅದಕ್ಕೆ ಅದೇ ರಾತ್ರಿ. ಇದರಲ್ಲಿ ಒಂದು ಉಪದ್ರ ಉಂಟು. ಮೊದಲ ಮಳೆ ಬಿದ್ದ ರಾತ್ರಿ ಊರಿನ ಮಳೆಹುಳವೆಲ್ಲ ನಮ್ಮ ಮಾಳಿಗೆಗೇ ಬಂದವು. ಬೆಳಿಗ್ಗೆ ಟ್ರೇ ತುಂಬ ಉದುರಿದ ರೆಕ್ಕೆ! ಮರುದಿನವೇ ಕಿಟಕಿಗೆ ಬಲೆ ಬಂತು.

ಎಕ್ಸಾಸ್ಟ್ ಫ್ಯಾನಿನ ಕತೆ ಬೇರೆ. ಬಿಸಿ ಗಾಳಿ ಮೇಲೆ ಹೋಗುತ್ತದೆಂದು ಎತ್ತರದಲ್ಲಿ ಕೂರಿಸಿದ್ದು ಸರಿ, ಆದರೆ ಪಡುವಣ ಗೋಡೆಗೆ ಕೂರಿಸಿದ್ದೆ. ಮಧ್ಯಾಹ್ನ ಕಡಲ ಗಾಳಿ ಬರುವುದು ಅದೇ ದಿಕ್ಕಿನಿಂದ, ಫ್ಯಾನ್ ಹೊರಗೆ ತಳ್ಳಿದರೆ ಕಡಲು ಒಳಗೆ ತಳ್ಳುತ್ತಿತ್ತು. ಜೂನಿನಲ್ಲಿ ಅದೇ ತೂತಿನಿಂದ ಮಳೆ ನೀರು ಒಳಗೆ ಎರಚಿ ಸ್ವಿಚ್‌ಬೋರ್ಡಿನವರೆಗೆ ಬಂದಾಗ ಹೆದರಿ ಮೈನ್ ಆಫ್ ಮಾಡಿದೆ. ಈಗ ಫ್ಯಾನ್ ಮೂಡುಗೋಡೆಯಲ್ಲಿ ಉಂಟು, ಗಾಳಿ ಒಳಬರಲು ಬಾಗಿಲಿನ ಕೆಳಗೆ ಒಂದು ಜಾಲರಿ. 120 ವಾಟಿನ ಶಾಖಕ್ಕೆ ಗಂಟೆಗೆ ಸುಮಾರು 120 ಘನ ಮೀಟರ್ ಗಾಳಿ ಹೊರಗೆ ಹೋದರೆ ದೀಪದಿಂದ ಕೋಣೆಗೆ ಏರುವ ಬಿಸಿ 3 ಡಿಗ್ರಿ ದಾಟುವುದಿಲ್ಲ. ಜಾಲರಿಗೆ ಧೂಳು ಕಟ್ಟಿದರೆ ಈ ಲೆಕ್ಕ ಹಾಳು, ವಾರಕ್ಕೊಮ್ಮೆ ಉಜ್ಜಬೇಕು. ಇದರ ಜೊತೆ ಎಲೆಗಳು ಸಣ್ಣಗೆ ಅಲ್ಲಾಡುವಷ್ಟು ಗಾಳಿಗೆ ಮೇಜಿನ ಫ್ಯಾನ್ ಒಂದು ತಿರುಗುತ್ತಾ ಇರುತ್ತದೆ. ಬೂಷ್ಟು ನಿಂತದ್ದು ಅದರಿಂದಲೇ ಎಂದು ನನ್ನ ಲೆಕ್ಕ.

ಇಷ್ಟಾದರೂ ಏಪ್ರಿಲ್ ಮೇಯಲ್ಲಿ ಕೊತ್ತಂಬರಿ ಬೇಡ. ಹೊರಗೇ ರಾತ್ರಿ 26, 27 ಡಿಗ್ರಿ ಇರುವಾಗ ಫ್ಯಾನ್ ಎಲ್ಲಿಂದ ತಂಪು ತರುತ್ತದೆ? ಆ ಎರಡು ತಿಂಗಳು ಹರಿವೆ ಹಾಕುತ್ತೇನೆ, ಅದಕ್ಕೆ ಸೆಕೆ ಅಂದರೆ ಖುಷಿ. ಮಳೆ ಹಿಡಿದ ಮೇಲೆ ರಾತ್ರಿ 23, 24ಕ್ಕೆ ಇಳಿಯುತ್ತದೆ, ಆಗ ಕೊತ್ತಂಬರಿಯನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿದರೆ ಆರೇಳು ವಾರಕ್ಕೆ ಕೊಯ್ಯಬಹುದು.

ಈ ಜುಲೈಯಲ್ಲಿ ಸೊಪ್ಪು ಚೆನ್ನಾಗಿ ಬಂದಿತ್ತು. ಒಂದು ಬೆಳಿಗ್ಗೆ ಗಾಳಿಯ ತೇವ ಅಳೆಯುವ ಮೀಟರ್ ನೋಡಿದರೆ ಶೇಕಡಾ 94 ತೋರಿಸುತ್ತಿದೆ. ಫ್ಯಾನ್ ಸರಿ ಉಂಟು, ಜಾಲರಿ ಕ್ಲೀನ್ ಉಂಟು. ತಲೆ ಎತ್ತಿ ನೋಡಿದೆ. ರ್‍ಯಾಕಿನ ಹಿಂದೆ ಉದ್ದಕ್ಕೆ ಹಗ್ಗ, ಅದರ ಮೇಲೆ ಅಪ್ಪನ ಎರಡು ಲುಂಗಿ, ನನ್ನ ಪ್ಯಾಂಟು, ಒಂದು ಬೆಡ್‌ಶೀಟ್. ಮನೆಯಲ್ಲಿ ಬಟ್ಟೆ ಒಣಗುವ ಜಾಗ ಇದೊಂದೇ ಎಂದು ಅಮ್ಮ ಕಂಡುಹಿಡಿದಿದ್ದರು. ಬೇಡ ಎಂದು ಹೇಳಲು ಹೋದೆ, ಹಾಗಾದರೆ ನಾಳೆ ಹಸಿ ಚಡ್ಡಿ ಹಾಕಿಕೊಂಡು ಹೋಗು ಎಂದರು. ಈಗ ಲುಂಗಿಗೆ ಒಪ್ಪಿಗೆ ಉಂಟು, ಬೆಡ್‌ಶೀಟಿಗೆ ಇಲ್ಲ.