ಹೊಸ ಬ್ರೇಕ್ ಪಳಗಿಸಿದ ಭಾನುವಾರ

ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೆ ನಮ್ಮ ಮೈಸೂರಿನಲ್ಲಿ ಯಾವ ಗ್ಯಾರೇಜಿಗೆ ಹೋದರೂ ಒಂದೇ ಮಾತು: "ಡಿಸ್ಕ್ ಬೆಂಡಾಗಿದೆ ಸಾರ್, ಲೇತ್‌ಗೆ ಕೊಡ್ಸಿ." ನನಗೂ ಅದನ್ನೇ ಹೇಳಿದರು. ಮೊದಮೊದಲು ಚಾಮುಂಡಿ ಬೆಟ್ಟ ಇಳಿಯುವಾಗ ಮಾತ್ರ ನಡುಕ ಬರುತ್ತಿತ್ತು. ಆಮೇಲೆ ಮಂಡ್ಯ ಕಡೆ ಹೈವೇಯಲ್ಲಿ 80ರಿಂದ ಸ್ವಲ್ಪ ನಿಧಾನ ಮಾಡಿದರೂ ಶುರುವಾಯಿತು. ಪೆಡಲ್ಲು ಕಾಲಡಿಯಲ್ಲಿ ಮಿಡಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಮ್ಮ, "ಏನೋ ಇದು, ಕಾರಿಗೆ ಚಳಿಜ್ವರ ಬಂದ ಹಾಗಿದೆ" ಎಂದರು.

ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ, ಎರಕದ ಕಬ್ಬಿಣದ್ದು. ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹೆಚ್ಚಿನ ಸಲ ಆಗುವುದೇ ಬೇರೆ. ಬೆಟ್ಟ ಇಳಿದು ಬಂದಾಗ ಬ್ರೇಕ್ ಚೆನ್ನಾಗಿ ಕಾದಿರುತ್ತದೆ. ಹಾಗೇ ಸಿಗ್ನಲ್ಲಿನಲ್ಲಿ ಪೆಡಲ್ ಒತ್ತಿ ಹಿಡಿದು ನಿಲ್ಲುತ್ತೇವೆ. ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡಿನ ಮೆಟೀರಿಯಲ್ ಆ ಜಾಗಕ್ಕೆ ಮಾತ್ರ ಜಾಸ್ತಿ ಮೆತ್ತಿಕೊಳ್ಳುತ್ತದೆ. ಆಮೇಲೆ ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ಥರ. 0.02 ಮಿಲಿಮೀಟರ್ ವ್ಯತ್ಯಾಸ ಬಂದರೂ ಸಾಕು, ಕಾಲಿಗೆ ಗೊತ್ತಾಗುತ್ತದೆ.

ಲೇತ್‌ನಲ್ಲಿ ಡಿಸ್ಕಿನ ಮೈಯನ್ನು ಸಮನಾಗಿ ಸವರಿಸಬಹುದಿತ್ತು. ಆದರೆ ಕನಿಷ್ಠ ಎಷ್ಟು ದಪ್ಪ ಇರಲೇಬೇಕು ಅಂತ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ನಮ್ಮದು ಅಳೆದು ನೋಡಿದರೆ ಆ ಅಂಕಿಗಿಂತ ಕೂದಲೆಳೆಯಷ್ಟೇ ಮೇಲಿತ್ತು. ಸವರಿದರೆ ಕೆಳಗೆ ಹೋಗುವುದು ಖಂಡಿತ. ಹಾಗಾಗಿ ಎರಡೂ ಕಡೆಗೆ ಹೊಸ ಡಿಸ್ಕ್, ಹೊಸ ಪ್ಯಾಡ್ ಅಂತ ತೀರ್ಮಾನವಾಯಿತು.

ಬಿಡಿಭಾಗಗಳ ಅಂಗಡಿಯ ಹುಡುಗ ತೂತು ಕೊರೆದ ಡಿಸ್ಕ್ ತೋರಿಸಿದ. "ಇದ್ ಹಾಕ್ಸಿ ಸಾರ್, ಲುಕ್ಕೇ ಬೇರೆ." ಲುಕ್ಕೇನೋ ಬೇರೆ, ಒಪ್ಪುತ್ತೇನೆ. ಆದರೆ ಪದೇಪದೇ ಕಾದು ತಣ್ಣಗಾದರೆ ಆ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ತರಕಾರಿಗೆ ದೇವರಾಜ ಮಾರ್ಕೆಟ್ಟಿಗೆ, ವಾರಕ್ಕೊಮ್ಮೆ ಊರಿಗೆ ಹೋಗುವ ಕಾರಿಗೆ ಅದು ಸುಮ್ನೆ ಶೋಕಿ. ನಾನು ತಗೊಂಡಿದ್ದು ಒಳಗೆ ಗಾಳಿ ಆಡುವ ಸಾದಾ ಡಿಸ್ಕ್. ದುಡ್ಡು ಜಾಸ್ತಿ ಹಾಕಿದ್ದು ಪ್ಯಾಡಿಗೆ. ಹಳೆಯದಕ್ಕಿಂತ ಒಂದು ಮೆಟ್ಟಿಲು ಮೇಲಿನ ಸೆರಾಮಿಕ್ ಪ್ಯಾಡು, ಧೂಳೂ ಕಡಿಮೆ, ಕಿರ್ ಅನ್ನುವುದೂ ಕಡಿಮೆ. ರೇಸಿನ ಪ್ಯಾಡ್ ಹಾಕಿಸುವ ಹುಡುಗರೂ ಇದ್ದಾರೆ. ಅದು ಕಾದ ಮೇಲೇ ಹಿಡಿಯುವುದು. ಬೆಳಗ್ಗೆ ತಣ್ಣಗಿರುವಾಗ ಹಾಲಿನ ಬೂತ್ ಮುಂದೆ ನಿಲ್ಲಿಸಬೇಕಾದರೆ ಎದೆ ಧಸಕ್ ಅನ್ನುತ್ತದೆ.

ಕೆಲಸ ಮಾಡಿಸಿದ್ದು ಬನ್ನಿಮಂಟಪದ ಕಡೆಯ ಒಂದು ಪುಟ್ಟ ಗ್ಯಾರೇಜಿನಲ್ಲಿ. ಅಲ್ಲಿನ ಅಣ್ಣ ಕಡಿಮೆ ಮಾತಿನವರು. ಹಳೇ ಡಿಸ್ಕ್ ತುಕ್ಕು ಹಿಡಿದು, ಚಕ್ರ ಕೂರುವ ನಡುಭಾಗಕ್ಕೆ, ಅಂದರೆ ಹಬ್ಬಿಗೇ (hub) ಅಂಟಿಕೊಂಡಿತ್ತು. ಇನ್ನೇನು ಸುತ್ತಿಗೆ ಎತ್ತುತ್ತಾರೆ ಅಂದುಕೊಂಡೆ, ಎತ್ತಲಿಲ್ಲ. ಡಿಸ್ಕಿನ ಮುಖದಲ್ಲಿ ಥ್ರೆಡ್ ಇರುವ ಎರಡು ಸಣ್ಣ ತೂತುಗಳಿದ್ದವು. ಅವಕ್ಕೆ ಎರಡು ಬೋಲ್ಟ್ ಹಾಕಿ, ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು ತಿರುಗಿಸುತ್ತಾ ಹೋದರು. ಬೋಲ್ಟಿನ ತುದಿ ಹಿಂದಿನ ಹಬ್ಬನ್ನು ಒತ್ತಿತು. ಟಪ್ ಅಂತ ಡಿಸ್ಕ್ ತಾನೇ ಈಚೆ ಬಂತು. ಕೆಂಪು ಪುಡಿ ನೆಲಕ್ಕೆ ಸುರಿಯಿತು.

ಆ ಪುಡಿಯನ್ನು ಕಡೆಗಣಿಸಬಾರದು. ಹಬ್ಬಿನ ಮೇಲೆ ತುಕ್ಕಿನ ಒಂದು ಚಕ್ಕೆ ಉಳಿದರೂ ಹೊಸ ಡಿಸ್ಕ್ ಓರೆಯಾಗಿ ಕೂರುತ್ತದೆ. ನಡುವೆ ಕಾಣದಷ್ಟು ಓರೆ ಹೊರ ಅಂಚಿಗೆ ಬರುವಷ್ಟರಲ್ಲಿ ದೊಡ್ಡದಾಗುತ್ತದೆ. ನಡುಕ ಮತ್ತೆ ಹಾಜರ್. ಅಣ್ಣ ವೈರ್ ಬ್ರಶ್ಶಿನಲ್ಲಿ ಹಬ್ಬು ಹೊಳೆಯುವವರೆಗೆ ಉಜ್ಜಿದರು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಬಳಿದಿದ್ದ ಎಣ್ಣೆಯನ್ನು ಬ್ರೇಕ್ ಕ್ಲೀನರ್ ಹೊಡೆದು ಒರೆಸಿದರು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ನಿಗೆ ಗ್ರೀಸು. ಜೊತೆಗೆ ಬ್ರೇಕ್ ಆಯಿಲ್ಲೂ ಬದಲಾಯಿತು. ಅದು ಗಾಳಿಯಲ್ಲಿರುವ ನೀರಿನಂಶ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 155. ಆಯಿಲ್ ಕುದ್ದರೆ ಪೆಡಲ್ ಒತ್ತಿದರೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ಬೆಟ್ಟ ಇಳಿಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಅದಕ್ಕೇ ಇಳಿಯುವಾಗ ಎರಡನೇ ಗೇರಿನಲ್ಲಿ ಬನ್ನಿ ಅಂತ ಹಳೇ ಡ್ರೈವರ್‌ಗಳು ಬಡಿದುಕೊಳ್ಳುವುದು.

ಚಕ್ರದ ನಟ್ಟುಗಳಿಗೆ ಏರ್ ಗನ್ ಹಿಡಿಯಲು ಹೋದಾಗ ನಾನು ತಡೆದೆ. ಎದುರುಬದುರು ನಟ್ಟುಗಳನ್ನು ಒಂದೇ ಸಮ ಬಿಗಿಯಬೇಕು. ಅಣ್ಣ ಮುಖ ಗಂಟು ಹಾಕಿಕೊಂಡೇ, ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಹುಡುಕಿ ತಂದರು.

"ಆಯ್ತು ಸಾರ್. ಒಂದ್ನಾಲ್ಕ್ ದಿನ ಮೆಲ್ಲಗ್ ಓಡ್ಸಿ, ತಾನೇ ಸೆಟ್ಟಾಗತ್ತೆ."

ಇಲ್ಲೇ ನನ್ನ ತಕರಾರು. ಇಷ್ಟು ದುಡ್ಡು ಸುರಿದು, ಕೊನೆಯ ಅರ್ಧ ಗಂಟೆಯ ಕೆಲಸವನ್ನು ಯಾರೂ ಮಾಡುವುದಿಲ್ಲ. ಪ್ಯಾಡಿನ ಮೆಟೀರಿಯಲ್ ತೆಳುವಾಗಿ, ಒಂದೇ ಸಮನಾಗಿ ಡಿಸ್ಕಿಗೆಲ್ಲ ಹತ್ತಬೇಕು. ಮೆಲ್ಲಗೆ ಓಡಿಸಿದರೆ ಅದಕ್ಕೆ ಬೇಕಾದಷ್ಟು ಕಾವು ಬರುವುದಿಲ್ಲ. ಊರೊಳಗಿನ ಟ್ರಾಫಿಕ್ಕಿನಲ್ಲಿ ಕಾವು ಬಂದರೂ ನಿಂತಲ್ಲೇ ಮೆತ್ತಿಕೊಳ್ಳುತ್ತದೆ. "ಭಾನುವಾರ ಬೆಳಗ್ಗೆ ನೀವೂ ಬನ್ನಿ ಅಣ್ಣಾ" ಎಂದೆ. ಬರಲಾರರು ಅಂದುಕೊಂಡಿದ್ದೆ, ಬಂದರು.

ಬೋಗಾದಿ ದಾಟಿ ದಟ್ಟಗಳ್ಳಿ ಕಡೆಯ ರಿಂಗ್ ರೋಡು. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ವಾಕಿಂಗ್‌ನವರು ಪಕ್ಕದಲ್ಲಿ, ನಾಯಿಗಳು ನಡುವೆ. ಹಿಂದೆ ಯಾರೂ ಇಲ್ಲದ್ದು ಕನ್ನಡಿಯಲ್ಲಿ ನೋಡಿಕೊಂಡು 60ಕ್ಕೆ ಏರಿಸುವುದು. ಗಟ್ಟಿಯಾಗಿ, ಆದರೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಶುರು ಮಾಡದ ಹಾಗೆ ಒತ್ತಿ 15ಕ್ಕೆ ಇಳಿಸುವುದು. ಪೂರ್ತಿ ನಿಲ್ಲಿಸುವ ಹಾಗಿಲ್ಲ. ಕಾಲು ತೆಗೆದು ಮತ್ತೆ 60. ನಡುವೆ ಅರ್ಧ ನಿಮಿಷ ಗಾಳಿಯಾಡಲು ಬಿಡುವುದು. ಹೀಗೆ ಎಂಟ್ಹತ್ತು ಸಲ. ಕೆಲವು ಪ್ಯಾಡಿನ ಡಬ್ಬಿಯೊಳಗೆ ಬೇರೆ ಲೆಕ್ಕ ಬರೆದಿರುತ್ತಾರೆ, ಆಗ ಅದನ್ನೇ ಪಾಲಿಸಬೇಕು.

ಶುರುವಿನಲ್ಲಿ ಪೆಡಲ್ ಮರದ ತುಂಡು ಒತ್ತಿದಂತಿತ್ತು. ಕಾರು ನಿಧಾನವಾಗಲು ಮನಸ್ಸೇ ಮಾಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಅಣ್ಣ ಕಿಟಕಿ ಇಳಿಸಿ ಮೂಗು ಹೊರಗೆ ಹಾಕಿದರು. ಪ್ಯಾಡಿನೊಳಗಿನ ಅಂಟು ಕಾದು ಆವಿಯಾಗುವ ವಾಸನೆ ಅದು, ಹೆದರಬೇಕಿಲ್ಲ. ಆಮೇಲಾಮೇಲೆ ಅಷ್ಟೇ ಒತ್ತಿದರೂ ಹಿಡಿತ ಜಾಸ್ತಿಯಾಗುತ್ತಾ ಬಂತು. ಕೊನೆಯ ಸಲ ಅಣ್ಣ ಮುಂದಕ್ಕೆ ವಾಲಿ ಡ್ಯಾಶ್‌ಬೋರ್ಡಿಗೆ ಕೈ ಊರಿದರು. ಏನೂ ಹೇಳಲಿಲ್ಲ.

ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಸುಮ್ನೆ ಓಡಿಸಿದೆವು. ಒಂದು ಜಂಕ್ಷನ್‌ನಲ್ಲಿ ನಿಲ್ಲಲೇಬೇಕಾಯಿತು. ದೂರದಿಂದಲೇ ಗೇರ್ ಇಳಿಸಿಕೊಂಡು ಬಂದು ಹ್ಯಾಂಡ್‌ಬ್ರೇಕ್ ಎಳೆದೆ. ನಮ್ಮ ಕಾರಿನಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳ ಡ್ರಮ್ ಬ್ರೇಕನ್ನು, ಮುಂದಿನ ಡಿಸ್ಕಿಗೆ ಸಂಬಂಧ ಇಲ್ಲ.

ತಣ್ಣಗಾದ ಮೇಲೆ ಅಣ್ಣ ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಸಂದಿಯಲ್ಲಿ ನೋಡಿದರು. ಹೊಸ ಡಿಸ್ಕಿನ ಮೇಲಿದ್ದ ಸಣ್ಣ ಗೀರುಗಳೆಲ್ಲ ಹೋಗಿ, ಅಂಚಿನಿಂದ ಅಂಚಿಗೆ ಒಂದೇ ಬೂದು ಬಣ್ಣ, ಎಲ್ಲೋ ತುಸು ನೀಲಿ ಛಾಯೆ. "ನೀಟಾಗ್ ಕೂತಿದೆ" ಎಂದು ಕೀ ಕೇಳಿದರು. ವಾಪಸ್ ಗ್ಯಾರೇಜಿಗೆ ಅವರೇ ಓಡಿಸಿದರು. ದಾರಿಯುದ್ದಕ್ಕೂ ಬೇಕಂತಲೇ ಬ್ರೇಕ್ ಒತ್ತಿ ಒತ್ತಿ ನೋಡಿದರು. ಸ್ಟೀರಿಂಗ್ ಅಲುಗಲಿಲ್ಲ.

ಮುಂದಿನದು ಸುಮ್ಮನಾದ ಮೇಲೆ ಹಿಂದಿನ ಡ್ರಮ್ಮಿನ ಗೊರಗೊರ ಈಗ ಸ್ಪಷ್ಟವಾಗಿ ಕೇಳಿಸುತ್ತಿದೆ. ಬರುವ ತಿಂಗಳು ಅದನ್ನು ಬಿಚ್ಚಬೇಕು.