ಚಾರಣಕ್ಕೆ ಬುತ್ತಿ ಏನು ಕಟ್ಟಲಿ?

ಮಳೆ ನಿಂತಿತೆಂದರೆ ಗೆಳೆಯರ ಫೋನು ಶುರು: "ಕುಮಾರಪರ್ವತಕ್ಕೆ ಹೊರಟಿದ್ದೀವಿ, ತಿನ್ನೋಕೆ ಏನು ತಗೊಂಡು ಹೋಗೋದು?" ಅವರಿಗೆ ಬೇಕಿರುವುದು ಒಂದು ಪಟ್ಟಿ. ನಾನು ಮಾತ್ರ ಮೊದಲು ನೀರಿನ ವಿಷಯ ಎತ್ತುತ್ತೇನೆ.

ಕುಕ್ಕೆ ಕಡೆಯಿಂದ ಹತ್ತುವವರಿಗೆ ದಾರಿಮಧ್ಯದ ಗಿರಿಗದ್ದೆಯ ಭಟ್ಟರ ಮನೆವರೆಗೆ ಚಿಂತೆಯಿಲ್ಲ. ಮೊದಲೇ ಹೇಳಿಟ್ಟರೆ ಅಲ್ಲಿ ಬಿಸಿ ಅನ್ನ ಸಾಂಬಾರೂ ಸಿಗುತ್ತದೆ. ಅಲ್ಲಿಂದ 1,712 ಮೀಟರ್ ಎತ್ತರದ ತುದಿಯವರೆಗೆ ಬಹುಪಾಲು ಬೋಳು ಹುಲ್ಲುಗುಡ್ಡ, ನೆತ್ತಿ ಸುಡುವ ಬಿಸಿಲು. ಕಲ್ಲುಮಂಟಪದ ಹತ್ತಿರದ ನೀರನ್ನು ಬೇಸಿಗೆಯಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಕಾಡಿನಲ್ಲಿ ಒಲೆ ಹಚ್ಚುವಂತೆಯೂ ಇಲ್ಲ. ಹೀಗಿರುವಾಗ ಬೇಯಿಸಿ ತಿನ್ನುವ ನೂಡಲ್ಸ್ ಯಾಕೆ? ಉಪ್ಪುಪ್ಪು ಚಿಪ್ಸ್ ತಿಂದರೆ ಇರುವ ಬಾಟಲಿಯೂ ಬೇಗ ಖಾಲಿ.

ಮೊದಲ ಮಧ್ಯಾಹ್ನಕ್ಕೆ ಪುಳಿಯೋಗರೆ. ಹುಣಸೆಹುಳಿ, ಎಣ್ಣೆ ಧಾರಾಳವಾಗಿರಲಿ. ಹಸಿ ತೆಂಗಿನತುರಿ, ಈರುಳ್ಳಿ ಬೇಡ, ಬೇಗ ಹಳಸುತ್ತವೆ. ರಾತ್ರಿಗೆ ಚಪಾತಿ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಆವಿ ನೀರಾಗಿ ಎಲ್ಲ ಮೆತ್ತಗಾಗುತ್ತದೆ, ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ. ಉತ್ತರ ಕರ್ನಾಟಕದವರಿಗೆ ಈ ತಾಪತ್ರಯವೇ ಇಲ್ಲ: ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಬ್ಯಾಗಿನಲ್ಲಿ ಪುಡಿಯಾಗುವುದೂ ಖಂಡಿತ, ಆಗಲಿ ಬಿಡಿ, ಶೇಂಗಾ ಚಟ್ನಿಪುಡಿ, ಎಣ್ಣೆ ಕಲಸಿದರೆ ಅದೂ ರುಚಿಯೇ.

ನನ್ನ ಮೆಚ್ಚಿನದು ಗೊಜ್ಜವಲಕ್ಕಿ. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿ ಮಾಡಿ, ಪುಳಿಯೋಗರೆ ಪುಡಿ, ಬೆಲ್ಲದ ಪುಡಿ, ಒಣಕೊಬ್ಬರಿ, ಹುರಿದ ಶೇಂಗಾ ಬೆರೆಸಿ ಒಬ್ಬರಿಗೊಂದರಂತೆ ಪೊಟ್ಟಣ ಕಟ್ಟಿಡಿ. ಬೆಟ್ಟದ ಮೇಲೆ ಒಂದು ಲೋಟ ತಣ್ಣೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಊಟ ತಯಾರು. ಒಲೆಯಿಲ್ಲದೆ ಇದಕ್ಕಿಂತ ಒಳ್ಳೆಯ ತಿಂಡಿ ನನಗಂತೂ ಗೊತ್ತಿಲ್ಲ.

ನಡುನಡುವೆ ಶೇಂಗಾ ಚಿಕ್ಕಿ, ಖರ್ಜೂರ. 100 ಗ್ರಾಂ ಶೇಂಗಾದಲ್ಲಿ ಸುಮಾರು 570 ಕ್ಯಾಲೊರಿ ಇದೆ, ಹೊರುವ ಭಾರಕ್ಕೆ ತಕ್ಕ ಪ್ರತಿಫಲ. ಅದನ್ನು ಸೊಂಟದ ಜೇಬಿನಲ್ಲೇ ಇಟ್ಟುಕೊಳ್ಳಿ. ಏರಿನಲ್ಲಿ ಬ್ಯಾಗ್ ಇಳಿಸಿ ಹುಡುಕಿ ತಿನ್ನುವ ತಾಳ್ಮೆ ಯಾರಿಗೂ ಇರುವುದಿಲ್ಲ, ಹಸಿದುಕೊಂಡೇ ನಡೆಯುತ್ತಾರೆ.

ಜೋಡಿಸುವಾಗ ಪದಾರ್ಥದ ಪ್ರಕಾರವಲ್ಲ, ಹೊತ್ತಿನ ಪ್ರಕಾರ ಕಟ್ಟಿ: "ಶನಿವಾರ ರಾತ್ರಿ" ಒಂದು ಚೀಲ, "ಭಾನುವಾರ ಬೆಳಿಗ್ಗೆ" ಇನ್ನೊಂದು. ಮೊದಲು ಬೇಕಾದದ್ದು ಮೇಲೆ, ಭಾರದ್ದು ಬೆನ್ನಿಗೆ ಹತ್ತಿರ. ಒಂದು ಹೊತ್ತಿನದು ಹೆಚ್ಚಿಗೆ ಇರಲಿ. ಬಿಸ್ಕತ್ತಿನ ರಟ್ಟು, ಪ್ಲಾಸ್ಟಿಕ್ ಹೊದಿಕೆಗಳನ್ನು ಮನೆಯಲ್ಲೇ ಬಿಚ್ಚಿ ಎಸೆದು ಬನ್ನಿ, ಕಾಡಿನಿಂದ ವಾಪಸ್ಸು ಹೊರುವುದು ಅಷ್ಟು ಕಡಿಮೆ.

ಗುಂಪಿನಲ್ಲಿ ಹೋಗುವವರು ಪಾಲು ಹಂಚಿಕೊಳ್ಳುವಾಗಲೂ ಇದೇ ಲೆಕ್ಕ. ಪ್ರತಿಯೊಬ್ಬರ ಬ್ಯಾಗಿನಲ್ಲೂ ಪೂರ್ತಿ ಒಂದು ಊಟ ಇರಬೇಕು. ಇಲ್ಲವಾದರೆ ಬೇಗ ನಡೆಯುವವರು ಚಪಾತಿಯೊಂದಿಗೆ ತುದಿಗೆ ಮುಂಚೆ ಸಿಗುವ ಶೇಷಪರ್ವತ ಸೇರಿರುತ್ತಾರೆ, ಹಿಂದುಳಿದವರ ಕೈಯಲ್ಲಿ ಬರೀ ಚಟ್ನಿಪುಡಿ.